ಕ್ವೈಟ್ ಗುಡ್ ಅಂದರೆ ಹೊಗಳಿದ್ದಾ, ಸುಮ್ನೆ ಹೇಳಿದ್ದಾ?

ಕಾಸರಗೋಡಿನ ಬದಿಯಡ್ಕದ ಹುಡುಗಿಯೊಬ್ಬಳು ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಹೋಗಿದ್ದಾಳೆ ಅಂದುಕೊಳ್ಳಿ. ಅವಳ ಅಣ್ಣ ದುಬೈಯಲ್ಲಿ ಒಂದು ಅಮೆರಿಕನ್ ಕಂಪೆನಿಯ ಆಫೀಸಿನಲ್ಲಿದ್ದಾನೆ. ಒಂದೇ ವಾರದಲ್ಲಿ ಇಬ್ಬರ ಕೆಲಸವನ್ನೂ ಅವರವರ ಮೇಲಿನವರು ನೋಡಿ ‘ಕ್ವೈಟ್ ಗುಡ್’ ಅಂದರು. ಇಬ್ಬರೂ ಮನೆಗೆ ಫೋನ್ ಮಾಡಿ ಅಮ್ಮನಿಗೆ ಒಂದೇ ಮಾತು ಹೇಳಿದರು: “ತುಂಬಾ ಒಳ್ಳೆದುಂಟು ಅಂದ್ರು ಅಮ್ಮಾ.” ಅಣ್ಣ ಹೇಳಿದ್ದು ಹೆಚ್ಚುಕಮ್ಮಿ ಸರಿ. ತಂಗಿ ಹೇಳಿದ್ದು ಸರಿಯಾ ಅಂತ ಗೊತ್ತಾಗಬೇಕಾದರೆ, ಆ ಇಂಗ್ಲಿಷ್ ಮೇಡಂ ಯಾವ ಪದವನ್ನು ಒತ್ತಿ ಹೇಳಿದರು ಅಂತ ಮೊದಲು ಕೇಳಬೇಕು.

ಶಾಲೆಯಲ್ಲಿ ನಮಗೆ ವೆರಿ, ಸೋ, ರಿಯಲಿ, ಕ್ವೈಟ್ ಎಲ್ಲದಕ್ಕೂ ‘ತುಂಬಾ’ ಅಂತಲೇ ಅರ್ಥ ಬರೆಸಿದರು. ವೆರಿ ಮಟ್ಟಿಗೆ ಅದರಲ್ಲಿ ತಪ್ಪಿಲ್ಲ. ಆದರೆ ಕ್ವೈಟ್ ಆ ಸಾಲಿನಲ್ಲಿ ಕೂರುವ ಪದ ಅಲ್ಲ. ಅದಕ್ಕೆ ಎರಡು ಅರ್ಥ ಇದೆ, ಮತ್ತು ಆ ಎರಡು ಒಂದಕ್ಕೊಂದು ಹತ್ತಿರದ್ದೂ ಅಲ್ಲ. ಒಂದು ಅರ್ಥ ಪೂರ್ತಿ. ಇನ್ನೊಂದು ಅರ್ಥ ಮುಕ್ಕಾಲು, ಕೆಲವು ಸಲ ಅರ್ಧ.

ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದ ಇದೆ, ದಿನಾ ಬಳಸುತ್ತೇವೆ: ತೀರಾ ಮತ್ತು ಸುಮಾರು. ‘ತೀರಾ ಹಾಳಾಗಿದೆ’ ಅಂದರೆ ಇನ್ನು ಹಾಳಾಗಲು ಏನೂ ಬಾಕಿ ಇಲ್ಲ. ಪಕ್ಕದ ಮನೆಯ ಮಲಯಾಳಿ ‘ತೀರೆ ವಯ್ಯ’ ಅಂತ ನಿಟ್ಟುಸಿರು ಬಿಡುವುದೂ ಇದೇ ತೀರಾ: ಕೊಂಚವೂ ಆಗುವುದಿಲ್ಲ ಅಂತ. ಸುಮಾರು ಹಾಗಲ್ಲ, ಅದು ಜಾರುವ ಪದ. ‘ಸುಮಾರು ದೊಡ್ಡ ಮನೆ’ ಅಂದರೆ ದೊಡ್ಡದೇ, ಆದರೆ ಅರಮನೆ ಅಲ್ಲ. ‘ಆಟಕ್ಕೆ ಸುಮಾರು ಜನ ಇದ್ದರು’ ಅಂದರೆ ಯಕ್ಷಗಾನದ ಎದುರಿನ ಕುರ್ಚಿಗಳು ಚೆನ್ನಾಗಿಯೇ ತುಂಬಿದ್ದವು. ಆದರೆ ‘ಊಟ ಸುಮಾರು’ ಅಂದರೆ? ಅಡುಗೆಯವರ ಎದುರು ಹೇಳುವ ಮಾತಲ್ಲ ಅದು. ಪಾರ್ಸಿಯಲ್ಲಿ ಎಣಿಕೆ ಅನ್ನುವ ಅರ್ಥದ ಪದ ನಮ್ಮಲ್ಲಿಗೆ ಬಂದು ಜಾಸ್ತಿ, ಅಂದಾಜು, ಅಷ್ಟಕ್ಕಷ್ಟೇ, ಈ ಮೂರು ಕೆಲಸವನ್ನೂ ಮಾಡುತ್ತಿದೆ. ನಾವು ಅದರಲ್ಲಿ ಎಡವುವುದಿಲ್ಲ, ಯಾಕಂದ್ರೆ ಸುತ್ತಲಿನ ಪದಗಳಿಂದ ಗೊತ್ತಾಗಿಬಿಡುತ್ತದೆ.

ಕ್ವೈಟ್ ಅಂದರೆ ಒಂದೇ ಅಂಗಿಯೊಳಗೆ ತೀರಾ ಮತ್ತು ಸುಮಾರು ಇಬ್ಬರೂ ಇದ್ದ ಹಾಗೆ. ಯಾರು ಮಾತಾಡುತ್ತಿದ್ದಾರೆ ಅನ್ನುವುದನ್ನು ಮುಂದೆ ಬರುವ ಪದ ಹೇಳುತ್ತದೆ.

ಕೆಲವು ಗುಣಗಳಿಗೆ ಮೆಟ್ಟಿಲುಗಳಿವೆ. ಬಿಸಿ, ಎತ್ತರ, ಕಷ್ಟ, ಒಳ್ಳೆಯದು, ಇವೆಲ್ಲ ಏರಬಹುದು, ಇಳಿಯಬಹುದು. ಕೆಲವಕ್ಕೆ ಮೆಟ್ಟಿಲು ಇಲ್ಲ, ಒಂದು ಅಂಚು ಮಾತ್ರ ಇದೆ. ಸತ್ತದ್ದು, ಅಸಾಧ್ಯ, ಸರಿ, ಖಂಡಿತ, ಒಬ್ಬಂಟಿ. ಪರೀಕ್ಷೆ ಸುಲಭ: ಪದದ ಮುಂದೆ ‘ಇನ್ನೂ ಸ್ವಲ್ಪ’ ಅಂತ ಇಟ್ಟು ನೋಡಿ. ‘ನೀರು ಇನ್ನೂ ಸ್ವಲ್ಪ ಬಿಸಿಯಾಗಲಿ’ ಅನ್ನಬಹುದು. ‘ಹಾವು ಇನ್ನೂ ಸ್ವಲ್ಪ ಸಾಯಲಿ’ ಅಂದರೆ ನಿಮ್ಮನ್ನೇ ತಿರುಗಿ ನೋಡುತ್ತಾರೆ. ಮೆಟ್ಟಿಲು ಇಲ್ಲದ ಪದದ ಮುಂದೆ ಕ್ವೈಟ್ ಬಂದರೆ ಅದು ತೀರಾ: ಕ್ವೈಟ್ ಡೆಡ್, ಕ್ವೈಟ್ ಇಂಪಾಸಿಬಲ್, ಕ್ವೈಟ್ ರೈಟ್, ಕ್ವೈಟ್ ಸರ್ಟನ್, ಕ್ವೈಟ್ ಅಲೋನ್. ಎಲ್ಲವೂ ಪೂರ್ತಿ. ‘ಯು ಆರ್ ಕ್ವೈಟ್ ರೈಟ್’ ಅಂದವರು ನಿಮ್ಮ ಮಾತನ್ನು ನೂರಕ್ಕೆ ನೂರು ಒಪ್ಪಿದ್ದಾರೆ, ಅನುಮಾನ ಬೇಡ. ಮೆಟ್ಟಿಲು ಇರುವ ಪದದ ಮುಂದೆ ಬಂದರೆ, ಅಂದರೆ ಕ್ವೈಟ್ ಹಾಟ್, ಕ್ವೈಟ್ ಟಾಲ್, ಕ್ವೈಟ್ ಗುಡ್ ಅಂತಾದರೆ, ಅದು ಸುಮಾರು.

ಮೂರನೆಯದೂ ಒಂದು ಗುಂಪಿದೆ. ಬ್ರಿಲಿಯಂಟ್, ಅಮೇಜಿಂಗ್, ಡಿಲಿಶಿಯಸ್, ಹಾರಿಬಲ್ ತರದವು. ಇವುಗಳ ಹೊಟ್ಟೆಯಲ್ಲೇ ವೆರಿ ಇದೆ. ಡಿಲಿಶಿಯಸ್ ಅಂದರೇ ತುಂಬಾ ರುಚಿ. ಅದಕ್ಕೇ ‘ವೆರಿ ಡಿಲಿಶಿಯಸ್’ ಅಂದರೆ ಇಂಗ್ಲಿಷರ ಕಿವಿಗೆ ಏನೋ ಒಂದು ಜಾಸ್ತಿಯಾದ ಹಾಗೆ ಕೇಳುತ್ತದೆ. ಅದೇ ‘ಕ್ವೈಟ್ ಡಿಲಿಶಿಯಸ್’ ಅನ್ನುತ್ತಾರೆ, ಪೂರ್ತಿ ಅರ್ಥದಲ್ಲೇ. ಹಾಗಾಗಿ ಕ್ವೈಟ್ ಗುಡ್‌ಗಿಂತ ಕ್ವೈಟ್ ಬ್ರಿಲಿಯಂಟ್ ಎಷ್ಟೋ ಮೇಲೆ. ಅದು ಗುಡ್‌ಗೂ ಬ್ರಿಲಿಯಂಟ್‌ಗೂ ಇರುವ ಅಂತರ ಮಾತ್ರ ಅಲ್ಲ, ಮುಂದಿನ ಕ್ವೈಟ್ ಕೂಡ ಬೇರೆಯೇ.

ಗಡಿಯಲ್ಲಿ ನಿಂತ ಪದಗಳೂ ಇವೆ ಅನ್ನಿ. ‘ದ ಬಸ್ ವಾಸ್ ಕ್ವೈಟ್ ಫುಲ್’ ಅಂದರೆ ಕಾಲಿಡಲೂ ಜಾಗ ಇರಲಿಲ್ಲವಾ, ಅಥವಾ ಒಂದೆರಡು ಸೀಟು ಉಳಿದಿತ್ತಾ? ಎರಡೂ ಆಗಬಹುದು. ಅಂಥಲ್ಲಿ ಇಂಗ್ಲಿಷರೂ ಮುಖ ನೋಡಿಯೇ ತಿಳಿದುಕೊಳ್ಳುವುದು.

ಕ್ರಿಯಾಪದದ ಜೊತೆಗೂ ಇದೇ ಕತೆ. ‘ಐ ಕ್ವೈಟ್ ಅಗ್ರೀ’ ಅಂದರೆ ಪೂರ್ತಿ ಒಪ್ಪಿಗೆ, ಯಾಕಂದ್ರೆ ಒಪ್ಪುವುದಕ್ಕೆ ಒಂದು ಅಂಚು ಇದೆ. ‘ಐ ಕ್ವೈಟ್ ಲೈಕ್ ಇಟ್’ ಅಂದರೆ ಇಷ್ಟವಾಯಿತು, ಆದರೆ ಅದಕ್ಕಾಗಿ ಪ್ರಾಣ ಬಿಡುವಷ್ಟಲ್ಲ. ವೆರಿಗೆ ಈ ಭಾಗ್ಯ ಇಲ್ಲ. ಅದು ಕ್ರಿಯಾಪದವನ್ನು ಹೀಗೆ ನೇರವಾಗಿ ಮುಟ್ಟುವುದಿಲ್ಲ. ನಮ್ಮ ಮಕ್ಕಳು ‘ಐ ವೆರಿ ಲೈಕ್ ಮ್ಯಾಂಗೋ’ ಅಂತ ಬರೆಯುವುದು ದಡ್ಡತನದಿಂದಲ್ಲ, ಕನ್ನಡದ ತುಂಬಾ ಎಲ್ಲಿ ಬೇಕಾದರೂ ನುಗ್ಗುವುದರಿಂದ. ತುಂಬಾ ಒಳ್ಳೆಯವರು, ತುಂಬಾ ಜನ, ತುಂಬಾ ತಿಂದೆ. ಇಂಗ್ಲಿಷಿನಲ್ಲಿ ಇವಕ್ಕೆ ವೆರಿ, ಮೆನಿ, ಎ ಲಾಟ್ ಅಂತ ಮೂರು ಬೇರೆ ಬೇರೆ ಪದ ಬೇಕು. ‘ವೆರಿ ಮಚ್’ ಅಂತ ಮಾಡಿಕೊಂಡರೆ ವಾಕ್ಯದ ಕೊನೆಗೆ ಹಾಕಬಹುದು, ಅದು ಬೇರೆ ಮಾತು.

ಇನ್ನು ನಾಟ್ ಕ್ವೈಟ್. ಇಲ್ಲಿ ಗೊಂದಲವೇ ಇಲ್ಲ. ನಾಟ್ ಸೇರಿದ ಕೂಡಲೇ ‘ಸುಮಾರು’ ಓಡಿಹೋಗುತ್ತದೆ, ‘ಪೂರ್ತಿ’ ಮಾತ್ರ ಉಳಿಯುತ್ತದೆ. ‘ನಾಟ್ ಕ್ವೈಟ್ ರೆಡಿ’ ಅಂದರೆ ಪೂರ್ತಿ ತಯಾರಾಗಿಲ್ಲ, ಇನ್ನೊಂಚೂರು ಬಾಕಿ ಇದೆ. ‘ನಾಟ್ ಕ್ವೈಟ್ ಟೆನ್’ ಅಂದರೆ ಹತ್ತಕ್ಕೆ ಸ್ವಲ್ಪ ಕಮ್ಮಿ. ‘ಐ ಡೋಂಟ್ ಕ್ವೈಟ್ ಅಂಡರ್‌ಸ್ಟ್ಯಾಂಡ್’ ಅಂದರೆ ಅರ್ಥವಾಯಿತು, ಆದರೆ ಪೂರ್ತಿ ಅಲ್ಲ. ಕೆಲವು ಸಲ ಅದು ‘ನೀವು ಹೇಳುತ್ತಿರುವುದು ತಲೆಬುಡ ಇಲ್ಲದ್ದು’ ಅನ್ನುವುದನ್ನು ಮರ್ಯಾದೆಯಿಂದ ಹೇಳುವ ದಾರಿಯೂ ಹೌದು. ವೆರಿಯನ್ನು ಇಲ್ಲಿ ಇಟ್ಟರೆ ಅರ್ಥ ಬೇರೆ ಕಡೆಗೆ ಹೋಗುತ್ತದೆ. ‘ನಾಟ್ ವೆರಿ ಗುಡ್’ ಅಂದರೆ ತುಂಬಾ ಒಳ್ಳೆಯದಲ್ಲ ಅಂತ ಅಳೆದು ಹೇಳಿದ್ದಲ್ಲ, ಕೆಟ್ಟದಾಗಿದೆ ಅನ್ನುವುದನ್ನೇ ಮೆತ್ತಗೆ ಹೇಳಿದ್ದು.

ನಮ್ಮವರು ಹೆಚ್ಚು ಎಡವುವುದು ‘ಕ್ವೈಟ್ ಎ ಫ್ಯೂ’ ಅನ್ನುವಲ್ಲಿ. ಫ್ಯೂ ಅಂದರೆ ಕೆಲವೇ ಕೆಲವು. ಎ ಫ್ಯೂ ಅಂದರೆ ಒಂದಷ್ಟು. ಹಾಗಾದರೆ ಕ್ವೈಟ್ ಎ ಫ್ಯೂ ಅಂದರೆ ತೀರಾ ಕಮ್ಮಿ ಇರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಅಲ್ಲ, ಉಲ್ಟಾ. ಅದು ಸುಮಾರು ಜನ, ಅಂದರೆ ಚೆನ್ನಾಗಿಯೇ ಜನ. ಮಾಡಿದ ಕೆಲಸದ ಬಗ್ಗೆ ‘ಕ್ವೈಟ್ ಎ ಫ್ಯೂ ಮಿಸ್ಟೇಕ್ಸ್’ ಅಂತ ಮೇಲ್ ಬಂದರೆ ಸಮಾಧಾನ ಪಟ್ಟುಕೊಳ್ಳಬೇಡಿ, ಫೈಲ್ ಮತ್ತೆ ತೆರೆಯಿರಿ. ಕಮ್ಮಿ ಅಂತ ಹೇಳಬೇಕಾದರೆ ಅವರು ‘ಓನ್ಲಿ ಎ ಫ್ಯೂ’ ಅನ್ನುತ್ತಾರೆ. ಕ್ವೈಟ್ ಎ ಲಾಟ್, ಕ್ವೈಟ್ ಎ ಕ್ರೌಡ್, ಕ್ವೈಟ್ ಸಮ್ ಟೈಮ್, ಇವೆಲ್ಲವೂ ಇದೇ ಜಾಸ್ತಿಯ ಕಡೆಗೆ ವಾಲಿದವು. ‘ಕ್ವೈಟ್ ದ ಹೀರೋ’ ಅಂದರೆ ಮಾತ್ರ ಹುಷಾರು. ನಾವು ‘ಓಹೋ, ದೊಡ್ಡ ಜನ’ ಅನ್ನುತ್ತೇವಲ್ವಾ, ಹೆಚ್ಚಿನ ಸಲ ಆ ದನಿ ಅದು.

ಎ ಎಲ್ಲಿ ಕೂರುತ್ತದೆ ಅನ್ನುವುದನ್ನೂ ಗಮನಿಸಿ. ವೆರಿ ಆದರೆ ‘ಎ ವೆರಿ ಬಿಗ್ ಹೌಸ್’. ಕ್ವೈಟ್ ಆದರೆ ‘ಕ್ವೈಟ್ ಎ ಬಿಗ್ ಹೌಸ್’. ಎ ಹಿಂದೆ ಸರಿಯಿತು. ‘ಎ ಕ್ವೈಟ್ ಬಿಗ್ ಹೌಸ್’ ಅಂದರೂ ಅರ್ಥವಾಗುತ್ತದೆ, ಆದರೆ ಮಾತಿನಲ್ಲಿ ಮೊದಲನೆಯದೇ ಸಹಜ.

ಈಗ ಇದು ಯಾಕೆ ಹೀಗಾಯಿತು ಅಂತ ನೋಡೋಣ, ನನಗೆ ಈ ಪದದ ಬಗ್ಗೆ ಕುತೂಹಲ ಹುಟ್ಟಿದ್ದೇ ಇದರಿಂದ. ಲ್ಯಾಟಿನ್‌ನಲ್ಲಿ ಕ್ವಿಯೇಟುಸ್ ಅಂತ ಒಂದು ಪದ: ನೆಮ್ಮದಿಯಾಗಿರುವ, ಗದ್ದಲ ಇಲ್ಲದ ಅಂತ. ಹಳೆಯ ಫ್ರೆಂಚಿಗೆ ಬರುವಾಗ ಅದರ ಒಂದು ಕವಲಿಗೆ ‘ಋಣ ಕಳೆದ, ಹೊಣೆಯಿಂದ ಬಿಡುಗಡೆಯಾದ’ ಅನ್ನುವ ಅರ್ಥ ಬಂತು. ಸಾಲ ಇಲ್ಲದವನೇ ನೆಮ್ಮದಿಯಲ್ಲಿರುವವನು, ಅಲ್ವಾ? ಇಂಗ್ಲಿಷಿಗೆ ಆ ಕವಲಿನಿಂದ ಬಂದವು ಕ್ವಿಟ್, ಆಕ್ವಿಟ್ ಮತ್ತು ಕ್ವೈಟ್. ಕೋರ್ಟಿನಲ್ಲಿ ಆಕ್ವಿಟ್ ಆದವನು ಖುಲಾಸೆಯಾದವನು, ಅವನ ಮೇಲೆ ಏನೂ ಬಾಕಿ ಇಲ್ಲ. ಹೀಗೆ ಬಾಕಿ ಇಲ್ಲದೆ, ಚುಕ್ತಾ ಆಗಿ ಅನ್ನುವುದೇ ‘ಪೂರ್ತಿಯಾಗಿ’ ಅನ್ನುವ ಕ್ವೈಟ್ ಆಯಿತು.

ಕನ್ನಡದ ತೀರಾ ಬಂದ ದಾರಿಯೂ ಇದೇ. ತೀರು ಅಂದರೆ ಮುಗಿ. ಸಾಲ ತೀರಿತು, ಹರಕೆ ತೀರಿತು, ಋಣ ತೀರಿತು. ಅದೇ ತೀರು ಎಂಬ ಕ್ರಿಯೆಯಿಂದ ತೀರಾ. ನಮ್ಮ ಊರಿನವರೂ ಅವರ ಊರಿನವರೂ ಯಾವತ್ತೂ ಕೂತು ಮಾತಾಡಿಕೊಂಡದ್ದಲ್ಲ, ಆದರೂ ಸಾಲ ಕಳೆದುಕೊಳ್ಳುವ ಪದವನ್ನೇ ಇಬ್ಬರೂ ‘ಸಂಪೂರ್ಣ’ ಅನ್ನುವುದಕ್ಕೆ ಎತ್ತಿಕೊಂಡರು. ಮನುಷ್ಯನಿಗೆ ಸಾಲದ ಬಾಧೆ ಎಲ್ಲಾ ಕಡೆಯೂ ಒಂದೇ ತರ ಇರಬೇಕು.

1828ರ ವೆಬ್‌ಸ್ಟರ್ ಅವರ ಅಮೆರಿಕನ್ ನಿಘಂಟು ಕ್ವೈಟ್‌ಗೆ ಪೂರ್ತಿಯಾಗಿ, ಸಂಪೂರ್ಣವಾಗಿ ಅನ್ನುವ ಅರ್ಥವನ್ನೇ ಕೊಡುತ್ತದೆ. ‘ಸುಮಾರು’ ಅನ್ನುವ ಅರ್ಥ ನಿಘಂಟಿನಲ್ಲಿ ಗಟ್ಟಿಯಾಗಿ ಕೂತದ್ದು ಆಮೇಲೆ. ಪೂರ್ತಿಯಿದ್ದದ್ದು ಅರ್ಧಕ್ಕೆ ಇಳಿದದ್ದು ಹೇಗೆ? ಸವೆದು. ಹೊಗಳುವ ಪದಗಳನ್ನು ಜನ ಸಿಕ್ಕಿದ್ದಕ್ಕೆಲ್ಲ ಬಳಸುತ್ತಾರೆ. ಪೂರ್ತಿ ಚೆನ್ನಾಗಿಲ್ಲದ್ದಕ್ಕೂ ದಾಕ್ಷಿಣ್ಯಕ್ಕೆ ಪೂರ್ತಿ ಚೆನ್ನಾಗಿದೆ ಅನ್ನುತ್ತಾರೆ. ಕೇಳುವವರು ಅದನ್ನು ತಾವಾಗಿಯೇ ಸ್ವಲ್ಪ ಇಳಿಸಿ ಕೇಳಿಸಿಕೊಳ್ಳುತ್ತಾರೆ. ಹಾಗೇ ನಾಲ್ಕಾರು ತಲೆಮಾರು ಕಳೆದರೆ ಪದದ ಬೆಲೆಯೇ ಇಳಿದಿರುತ್ತದೆ.

ಪದ ಸವೆಯುವುದನ್ನು ನೋಡಲು ಕಾಸರಗೋಡಿಗಿಂತ ಒಳ್ಳೆಯ ಜಾಗ ಇಲ್ಲ. ಸಪ್ತಭಾಷೆಗಳ ನೆಲ ಅಂತ ಭಾಷಣದಲ್ಲಿ ಹೇಳುತ್ತಾರೆ, ಬಸ್ಸಿನಲ್ಲಿ ಕೂತರೆ ಅದು ಕಿವಿಗೇ ಬೀಳುತ್ತದೆ. ಮಲಯಾಳದವರಿಗೆ ಇಷ್ಟವಾದದ್ದೂ ‘ಭಯಂಕರ ಇಷ್ಟಂ’. ಅದನ್ನು ಕೇಳಿ ಕೇಳಿ ನಮ್ಮಲ್ಲೂ ‘ಭಯಂಕರ ಸೆಕೆ’ ಮಾತ್ರ ಅಲ್ಲ, ‘ಭಯಂಕರ ಲಾಯ್ಕ’ ಕೂಡ ಬಂದಿದೆ, ಯಾರೂ ಹೆದರಿಕೊಂಡು ಹೇಳುವುದಲ್ಲ. ಇಂಗ್ಲಿಷಿನ ಟೆರಿಬ್ಲಿ ಮತ್ತು ಆಫುಲಿ ಕೂಡ ಇದೇ ಜಾತಿ: ಹೆದರಿಕೆಯ ಪದಗಳು ಬರೀ ‘ತುಂಬಾ’ ಆಗಿ ಉಳಿದವು. ತುಳುವಿನಲ್ಲಿ ‘ಮಸ್ತ್ ಜನ’, ಹವ್ಯಕರಲ್ಲಿ ‘ಭಾರೀ ಲಾಯ್ಕ’. ಭಾರೀ ಅಂದರೆ ತೂಕ ಇರುವುದು ಅಂತ, ಈಗ ಅದಕ್ಕೆ ತೂಕ ಎಲ್ಲಿದೆ? ನಾವು ‘ಒಳ್ಳೆ ಸೆಕೆ’ ಅನ್ನುತ್ತೇವೆ, ಸೆಕೆಯಲ್ಲಿ ಒಳ್ಳೆಯದು ಏನಿದೆ ಅಂತ ಯಾರೂ ಕೇಳುವುದಿಲ್ಲ. ಇಂಗ್ಲಿಷರೂ ಚಂದ ಅನ್ನುವ ಪ್ರಿಟಿಯನ್ನು ‘ಪ್ರಿಟಿ ಹಾಟ್’ ಅಂತ ಹಾಗೆಯೇ ಹಾಕುತ್ತಾರೆ. ಅಷ್ಟೇಕೆ, ವೆರಿ ಕೂಡ ಹುಟ್ಟಿದಾಗ ‘ನಿಜವಾದ’ ಅನ್ನುವ ಪದ, ಹಳೆಯ ಫ್ರೆಂಚಿನಿಂದ ಬಂದದ್ದು. ಆ ಸತ್ಯ ಸವೆದು ಹೋದ ಮೇಲೆ ಇಂಗ್ಲಿಷರು ಮತ್ತೆ ನಿಜವನ್ನೇ ಹುಡುಕಿ ರಿಯಲಿ ತಂದರು. ಈಗ ರಿಯಲಿಯೂ ಸವೆಯುತ್ತಾ ಇದೆ.

ಆದರೆ ಸವೆತ ಎಲ್ಲಾ ಕಡೆಯೂ ಒಂದೇ ಸಮ ಆಗಲಿಲ್ಲ, ಅಣ್ಣ ತಂಗಿಯ ಸಮಸ್ಯೆ ಹುಟ್ಟಿದ್ದು ಅಲ್ಲೇ. ಅಮೆರಿಕದಲ್ಲಿ ಕ್ವೈಟ್ ಗುಡ್ ಈಗಲೂ ಸಾಮಾನ್ಯವಾಗಿ ವೆರಿ ಗುಡ್‌ನ ಹತ್ತಿರ ಇದೆ. ಬ್ರಿಟನ್ನಿನಲ್ಲಿ ಅದು ಕೆಳಗೆ ಇಳಿದಿದೆ, ಎಷ್ಟು ಇಳಿದಿದೆ ಅನ್ನುವುದು ಧ್ವನಿಯ ಮೇಲೆ. ಗುಡ್ ಮೇಲೆ ಒತ್ತು ಬಿದ್ದರೆ ‘ಪರವಾಗಿಲ್ವೇ, ಚೆನ್ನಾಗಿದೆಯಲ್ಲ’ ಅಂತ. ಕ್ವೈಟ್ ಮೇಲೆ ಒತ್ತು ಬಿದ್ದು, ಅದನ್ನು ಸ್ವಲ್ಪ ಎಳೆದು ಹೇಳಿದರೆ ಹಿಂದೆ ಒಂದು ‘ಆದರೆ’ ಬರುವುದಿದೆ ಅಂತ ತಿಳಿದುಕೊಳ್ಳಿ. ನಮ್ಮ ಕಡೆಯ ‘ಅಡ್ಡಿಲ್ಲ’ ಗೊತ್ತಿದ್ದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಸಾಂಬಾರು ರುಚಿ ನೋಡಿ ಅಜ್ಜಿ ಹುಬ್ಬು ಏರಿಸಿ ‘ಅಡ್ಡಿಲ್ಲ!’ ಅಂದರೆ ಸೊಸೆ ಗೆದ್ದಳು. ತಲೆ ಬಗ್ಗಿಸಿ ‘ಅಡ್ಡಿಲ್ಲ…’ ಅಂದರೆ ಉಪ್ಪೋ ಹುಳಿಯೋ ಏನೋ ಒಂದು ಕಮ್ಮಿ. ತುಳುವರ ‘ಅಡ್ಡಿಜ್ಜಿ’ಯದ್ದೂ ಇದೇ ಹಾಡು.

ಬ್ರಿಟಿಷರ ಇಂಗ್ಲಿಷನ್ನು ಬಿಡಿಸಿ ಹೇಳುವ ಒಂದು ತಮಾಷೆಯ ಪಟ್ಟಿ ವರ್ಷಗಳಿಂದ ಇಂಟರ್ನೆಟ್‌ನಲ್ಲಿ ಹರಿದಾಡುತ್ತಿದೆ. ಅದರಲ್ಲಿ ಅವರು ಕ್ವೈಟ್ ಗುಡ್ ಅಂದರೆ ನಿಜವಾದ ಅರ್ಥ ‘ಸ್ವಲ್ಪ ನಿರಾಸೆಯಾಯಿತು’ ಅಂತ ಇದೆ. ಉತ್ಪ್ರೇಕ್ಷೆ ಹೌದು, ಆದರೆ ಪೂರ್ತಿ ಸುಳ್ಳಲ್ಲ.

ಇಂಥ ಗೊಂದಲ ಬರೀ ನಗುವ ವಿಷಯ ಆಗಿ ಮುಗಿಯದ ಒಂದು ಪ್ರಸಿದ್ಧ ಉದಾಹರಣೆ ಇದೆ. 1951ರ ಏಪ್ರಿಲ್, ಕೊರಿಯಾ ಯುದ್ಧ, ಇಮ್ಜಿನ್ ನದಿ. ಗ್ಲೋಸ್ಟರ್‌ಶೈರ್ ರೆಜಿಮೆಂಟಿನ ಬ್ರಿಟಿಷ್ ತುಕಡಿಯನ್ನು ಎಷ್ಟೋ ಪಟ್ಟು ದೊಡ್ಡದಾದ ಚೀನೀ ಸೇನೆ ಸುತ್ತುವರಿದಿತ್ತು. ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ ತನ್ನ ಮೇಲಿನ ಅಮೆರಿಕನ್ ಜನರಲ್‌ಗೆ ಪರಿಸ್ಥಿತಿ ‘ಎ ಬಿಟ್ ಸ್ಟಿಕೀ’, ಅಂದರೆ ಸ್ವಲ್ಪ ಇಕ್ಕಟ್ಟಿನದು ಅಂತ ತಿಳಿಸಿದರಂತೆ. ಇನ್ನೊಬ್ಬ ಬ್ರಿಟಿಷನಿಗೆ ಅದು ‘ಸಾಯುತ್ತಿದ್ದೇವೆ’ ಅಂತ ಕೇಳುತ್ತಿತ್ತು. ಅಮೆರಿಕನ್ನರಿಗೆ ಸ್ವಲ್ಪ ಅಂದರೆ ಸ್ವಲ್ಪವೇ. ತಡೆದುಕೊಳ್ಳುತ್ತಾರೆ ಅಂದುಕೊಂಡರು. ಆ ತುಕಡಿಯಲ್ಲಿ ಬಹುತೇಕರು ಸತ್ತರು ಅಥವಾ ಸೆರೆ ಸಿಕ್ಕರು. ಸೋಲಿಗೆ ಆ ಒಂದು ಮಾತೇ ಕಾರಣ ಅನ್ನುವುದು ಅತಿಯಾಯಿತು, ಅಷ್ಟು ದೊಡ್ಡ ಸೇನೆ ಎದುರಿಗಿತ್ತು. ಆದರೆ ಅಳತೆಯ ಪದಗಳು ದೇಶದಿಂದ ದೇಶಕ್ಕೆ ಬೇರೆ ಅಳತೆ ಅನ್ನುವುದಕ್ಕೆ ಈಗಲೂ ಎಲ್ಲರೂ ಇದನ್ನೇ ಹೇಳುವುದು.

ಅಳತೆಯ ಮಾತು ಬಂದದ್ದಕ್ಕೆ ಬ್ರಿಟಿಷರ ಮೆಟ್ಟಿಲುಗಳನ್ನು ಒಮ್ಮೆ ಹತ್ತಿಬಿಡೋಣ. ಕೆಳಗೆ ಫೇರ್ಲಿ, ಅದರ ಮೇಲೆ ಕ್ವೈಟ್, ಅದಕ್ಕಿಂತ ಸ್ವಲ್ಪ ಮೇಲೆ ರಾದರ್ ಮತ್ತು ಪ್ರಿಟಿ, ಎಲ್ಲಕ್ಕಿಂತ ಮೇಲೆ ವೆರಿ. ಪ್ರಿಟಿ ಮನೆಯೊಳಗಿನ ಮಾತು, ಅರ್ಜಿಯಲ್ಲಿ ಬರೆಯುವುದಲ್ಲ. ರಾದರ್‌ಗೆ ಒಂದು ಕೊಂಕು ಇದೆ. ‘ರಾದರ್ ಹಾಟ್’ ಅಂದರೆ ಬೇಕಾದ್ದಕ್ಕಿಂತ ಬಿಸಿ ಜಾಸ್ತಿಯಾಯಿತು ಅನ್ನುವ ದೂರು ಅದರಲ್ಲಿ ಇಣುಕುತ್ತದೆ. ಟೂ ಈ ಮೆಟ್ಟಿಲಿನಲ್ಲೇ ಇಲ್ಲ, ಅದು ಮಿತಿ ಮೀರಿದ್ದು. ಟೀ ಟೂ ಹಾಟ್ ಆದರೆ ಕುಡಿಯಲಾಗುವುದಿಲ್ಲ. ನಾವು ಖುಷಿಯಲ್ಲಿ ‘ಟೂ ಗುಡ್’ ಅನ್ನುವುದು ನಮ್ಮ ದೇಶದ ಇಂಗ್ಲಿಷು, ನಮ್ಮೊಳಗೆ ನಡೆಯುತ್ತದೆ, ಹೊರಗಿನವರಿಗೆ ‘ಯಾವುದಕ್ಕೆ ಟೂ ಗುಡ್?’ ಅಂತ ಅನಿಸಬಹುದು.

ಬೆಟರ್, ಬಿಗರ್ ತರದ ಹೋಲಿಕೆಯ ಪದಗಳ ಮುಂದೆ ಕ್ವೈಟ್ ಬರುವುದಿಲ್ಲ. ಕ್ವೈಟ್ ಬಿಗರ್ ಅಂತ ಇಲ್ಲ, ಮಚ್ ಬಿಗರ್ ಅಥವಾ ಎ ಬಿಟ್ ಬಿಗರ್ ಅನ್ನಬೇಕು. ಒಂದೇ ವಿನಾಯಿತಿ ‘ಕ್ವೈಟ್ ಬೆಟರ್’, ಅದು ಕಾಯಿಲೆ ಬಿದ್ದವರ ಬಗ್ಗೆ ಬ್ರಿಟಿಷರು ಹೇಳುವ ಮಾತು, ಅರ್ಥ ಪೂರ್ತಿ ಗುಣವಾಗಿದೆ ಅಂತ. ನರ್ಸುಗಳು ಇದನ್ನು ಸ್ವಲ್ಪ ಸುಧಾರಿಸಿದೆ ಅಂತ ಬರೆದುಕೊಳ್ಳಬಾರದು.

ಲ್ಯಾಟಿನ್ನಿನ ಅದೇ ಕ್ವಿಯೇಟುಸ್‌ನ ಇನ್ನೊಂದು ಕವಲು ಕ್ವಾಯೆಟ್, ಸದ್ದಿಲ್ಲದ ಅಂತ. ಅಂದರೆ ಕ್ವೈಟ್ ಮತ್ತು ಕ್ವಾಯೆಟ್ ಒಡಹುಟ್ಟಿದವು, ಅದಕ್ಕೇ ಅಷ್ಟು ಹೋಲುತ್ತವೆ. ಕೊನೆಯ ಎರಡು ಅಕ್ಷರ ಅದಲುಬದಲು, ಅಷ್ಟೇ: ಟಿ ಇ ಅಂತ ಮುಗಿದರೆ ಕ್ವೈಟ್, ಇ ಟಿ ಅಂತ ಮುಗಿದರೆ ಕ್ವಾಯೆಟ್. ಹೇಳುವಾಗ ಕ್ವೈಟ್ ಒಂದೇ ಉಸಿರು, ಕ್ವಾಯೆಟ್‌ನಲ್ಲಿ ಎರಡು ತುಂಡು. ಫೋನಿನ ಕೀಬೋರ್ಡ್ ಎಷ್ಟೋ ಸಲ ಇದನ್ನು ಹಿಡಿಯುವುದಿಲ್ಲ, ಯಾಕಂದ್ರೆ ಎರಡೂ ಸರಿಯಾದ ಪದಗಳೇ. ‘ಐ ಆ್ಯಮ್ ಕ್ವಾಯೆಟ್ ಹ್ಯಾಪಿ’ ಅಂತ ಎಷ್ಟು ಮೇಲ್ ಹೋಗುತ್ತವೋ.

ಓದುವಾಗ, ಕೇಳುವಾಗ ಇಷ್ಟು ಸಾಕು. ನಾವೇ ಬರೆಯುವಾಗ? ನನ್ನ ಕೇಳಿದರೆ ಪೂರ್ತಿ ಅರ್ಥ ಬರುವ ಕಡೆ ಮಾತ್ರ ಧೈರ್ಯವಾಗಿ ಬಳಸಿ: ಕ್ವೈಟ್ ರೈಟ್, ಕ್ವೈಟ್ ಡಿಫರೆಂಟ್, ನಾಟ್ ಕ್ವೈಟ್. ಯಾರನ್ನಾದರೂ ಹೊಗಳಬೇಕಾದರೆ ಬೇಡ. ಬ್ರಿಟನ್ನಿನಲ್ಲಿರುವ ಮನೆಯೊಡತಿ ಊಟ ಬಡಿಸಿ ಹೇಗಿದೆ ಅಂತ ಕೇಳಿದರೆ ‘ಕ್ವೈಟ್ ನೈಸ್’ ಅನ್ನಬೇಡಿ, ‘ಲವ್ಲಿ’ ಅನ್ನಿ. ಕೆಲಸದ ಅರ್ಜಿಯಲ್ಲಿ ‘ಐ ಆ್ಯಮ್ ಕ್ವೈಟ್ ಎಕ್ಸ್‌ಪೀರಿಯನ್ಸ್ಡ್’ ಅಂತ ಬರೆದರೆ ಲಂಡನಿನಲ್ಲಿ ಓದುವವರಿಗೆ ‘ಸುಮಾರು ಅನುಭವ ಇದೆ’ ಅಂತ ಕಾಣುತ್ತದೆ. ಅದನ್ನು ವೆರಿ ಮಾಡಿದರೂ ದೊಡ್ಡ ಲಾಭ ಇಲ್ಲ, ಎಲ್ಲಾ ಅರ್ಜಿಯಲ್ಲೂ ಅದೇ ಇರುತ್ತದೆ. ಎಷ್ಟು ವರ್ಷ, ಯಾವ ವಾರ್ಡು, ರಾತ್ರಿ ಪಾಳಿಯಲ್ಲಿ ಎಷ್ಟು ಹಾಸಿಗೆ ನೋಡಿಕೊಂಡಿರಿ, ಅದನ್ನೇ ಬರೆಯಿರಿ.